ಬಾಟಲಿಯ ತಳದ ಗಸಿ, ಕೆಗ್ಗಿನ ಮೊದಲ ಲೋಟ

ಮನೆಯಲ್ಲಿ ತಯಾರಿಸಿದ ಬಿಯರಿನ ಬಾಟಲಿಯ ತಳದಲ್ಲಿ ಬೂದುಬಿಳಿ ಪದರವನ್ನು ಕಂಡು, ಬಿಯರ್ ಕೆಟ್ಟಿತೆಂದು ಚೆಲ್ಲಲು ಹೊರಟವರನ್ನು ನಾನು ಹಲವು ಬಾರಿ ತಡೆದಿದ್ದೇನೆ. ಆ ಪದರ ಬಹುಪಾಲು ಯೀಸ್ಟ್. ಲೀಟರಿಗೆ 6ರಿಂದ 8 ಗ್ರಾಂ ಸಕ್ಕರೆ ಬೆರೆಸಿ ಬಾಟಲಿಯ ಮುಚ್ಚಳ ಬಿಗಿದಾಗ, ಬಿಯರಿನಲ್ಲಿ ಉಳಿದಿದ್ದ ಯೀಸ್ಟ್ ಅದನ್ನು ಹುದುಗಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲ ಬಿಯರಿನಲ್ಲೇ ಕರಗುತ್ತದೆ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ವಾರ ಕಳೆಯುವ ಹೊತ್ತಿಗೆ ಕೆಲಸ ಮುಗಿಸಿದ ಯೀಸ್ಟ್ ತಳ ಸೇರುತ್ತದೆ. ಈ ವಿಧಾನದಲ್ಲಿ ಗಸಿ ಸ್ವಲ್ಪವಾದರೂ ಇದ್ದೇ ಇರುತ್ತದೆ.

ಆದರೆ ಗಸಿ ಬೆರಳಗಲ ದಪ್ಪವಾಗಿದ್ದರೆ ತಪ್ಪು ಬಾಟಲಿಯದಲ್ಲ, ಅದಕ್ಕೂ ಮುಂಚಿನ ಹಂತದ್ದು. ಹುದುಗುವ ಪಾತ್ರೆಯ ತಳದಲ್ಲಿದ್ದ ಹಾಪ್ಸ್‌ನ (ಬಿಯರಿಗೆ ಕಹಿ ಕೊಡುವ ಹೂವಿನ) ಚೂರು, ಗಟ್ಟಿಯಾದ ಪ್ರೋಟೀನು ಮತ್ತು ಯೀಸ್ಟ್ ಮೂರೂ ಸೈಫನ್ ಕೊಳವೆಯ ಮೂಲಕ ಬಾಟಲಿಗೆ ಬಂದಿವೆ ಎಂದೇ ಅರ್ಥ. ಹುದುಗುವಿಕೆ ಪೂರ್ಣಗೊಂಡಿದೆಯೆಂದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಖಚಿತಪಡಿಸಿಕೊಂಡು (ಅವಸರಪಟ್ಟವರ ಬಾಟಲಿಗಳು ಸಿಡಿದದ್ದುಂಟು), ಪಾತ್ರೆಯನ್ನು ಎರಡು ಮೂರು ದಿನ ಹೆಪ್ಪುಗಟ್ಟದಷ್ಟು ತಣ್ಣಗೆ ಇರಿಸಿ, ಕೊಳವೆಯ ತುದಿಯನ್ನು ಗಸಿಗಿಂತ ಮೇಲೆ ಹಿಡಿದು ತಿಳಿಯನ್ನಷ್ಟೇ ಇಳಿಸಿದರೆ ಈ ಪಾಲು ಬಹುತೇಕ ಹಿಂದೆಯೇ ಉಳಿಯುತ್ತದೆ. ಕೊನೆಯ ಅರ್ಧ ಲೀಟರಿನ ಆಸೆ ಬಿಡಬೇಕು. ಅನೇಕರಿಗೆ ಕಷ್ಟವಾಗುವುದು ಇದೊಂದೇ.

ಕೆಗ್ಗಿನಲ್ಲಿ, ಅಂದರೆ ಬಿಯರನ್ನು ಒತ್ತಡದಲ್ಲಿ ತುಂಬಿಡುವ ಲೋಹದ ಪೀಪಾಯಿಯಲ್ಲಿ, ಗಸಿ ಇರುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಅನಿಲವನ್ನು ಸಿಲಿಂಡರಿನಿಂದ ಒತ್ತಡದಲ್ಲಿ ಕೊಡುವುದರಿಂದ ಅಲ್ಲಿ ಹೊಸ ಯೀಸ್ಟ್ ಬೆಳೆಯಲು ಕಾರಣವಿಲ್ಲವಾದರೂ, ತೇಲಿಕೊಂಡು ಬಂದದ್ದು ತಂಪಿನಲ್ಲಿ ತಳಕ್ಕಿಳಿಯುತ್ತದೆ, ಮತ್ತು ಬಿಯರನ್ನು ಮೇಲೆತ್ತುವ ಕೊಳವೆ ಸಾಮಾನ್ಯವಾಗಿ ಆ ತಳದಿಂದಲೇ ಹೀರುತ್ತದೆ. ಆದ್ದರಿಂದ ಮೊದಲ ಒಂದೆರಡು ಲೋಟ ಕದಡಿರುತ್ತದೆ, ಅನಂತರ ಬರುವುದು ತಿಳಿ. ಬಾಟಲಿಯಲ್ಲಾದರೆ ಇದೇ ನಷ್ಟವನ್ನು ಪ್ರತಿ ಬಾಟಲಿಗೂ ಒಂದು ಗುಟುಕಿನಂತೆ ಹಂಚಿಕೊಳ್ಳಬೇಕಾಗುತ್ತದೆ. ಮೇಲ್ಮೈಯಲ್ಲಿ ತೇಲುತ್ತ ಹೀರುವ ಕೊಳವೆಯನ್ನು ಅಳವಡಿಸಿದರೆ ಮೊದಲ ಲೋಟವೂ ತಿಳಿಯಾಗಿ ಬರುತ್ತದೆ, ಕದಡಿದ್ದು ಕೊನೆಗೆ ಉಳಿಯುತ್ತದೆ.

ತಣ್ಣಗಿದ್ದಾಗ ಮಬ್ಬಾಗಿದ್ದು, ಬೆಚ್ಚಗಾದೊಡನೆ ತಿಳಿಯಾಗುವ ಬಿಯರಿನಲ್ಲಿರುವುದು ಯೀಸ್ಟ್ ಅಲ್ಲ, ಪ್ರೋಟೀನು ಮತ್ತು ಪಾಲಿಫೀನಾಲುಗಳ (ಸಸ್ಯಜನ್ಯ ಒಗರು ಅಂಶಗಳ) ಕೂಟ; ಅದಕ್ಕೆ ಬಾಟಲಿ, ಕೆಗ್ಗು ಎಂಬ ಭೇದವಿಲ್ಲ.

ಕೆಗ್ಗನ್ನು ಬೇರೆಡೆಗೆ ಒಯ್ಯುವುದಿದ್ದರೆ ಮಾತ್ರ, ಒಂದೆರಡು ಲೋಟದ ನಂತರ ತಿಳಿ ಬಿಯರ್ ಸಿಗುವ ಅದರ ಅನುಕೂಲ ಕೈಕೊಡುತ್ತದೆ, ಏಕೆಂದರೆ ವಾಹನದ ಕುಲುಕಾಟಕ್ಕೆ ತಳದ ಗಸಿಯೆಲ್ಲ ಮೇಲೇಳುತ್ತದೆ. ಹೊರಡುವ ಮುನ್ನ ತಿಳಿ ಬಿಯರನ್ನು, ಗಾಳಿ ಸೋಕದಂತೆ, ಇಂಗಾಲದ ಡೈಆಕ್ಸೈಡ್ ತುಂಬಿದ ಇನ್ನೊಂದು ಕೆಗ್ಗಿಗೆ ಅನಿಲದ ಒತ್ತಡದಿಂದಲೇ ವರ್ಗಾಯಿಸಿಕೊಳ್ಳುವುದು ನನ್ನ ರೂಢಿ.