ಫ್ಲೇರ್ ಎಂದರೆ ಯಾವುದು, ಯಾವುದಲ್ಲ

ಬಾದಾಮಿಯ ಅಗಸ್ತ್ಯ ತೀರ್ಥದ ಆಚೆ ಇಳಿಯುತ್ತಿರುವ ಸೂರ್ಯ, ಆಕಾಶದ ಬಲಮೂಲೆಯಲ್ಲೊಂದು ಬೂದು ಚುಕ್ಕೆ, ಅಡಿಯಲ್ಲಿ ‘ಲೆನ್ಸ್ ಫ್ಲೇರ್ ಬಂದಿದೆ, ಕ್ಷಮೆಯಿರಲಿ’ ಎಂಬ ಒಕ್ಕಣೆ. ಈ ಚಳಿಗಾಲದಲ್ಲಿ ನಾನು ನೋಡಿದ ಇಂಥ ನಾಲ್ಕನೆಯ ಚಿತ್ರವಿದು. ಆ ಚುಕ್ಕೆ ಫ್ಲೇರ್ ಅಲ್ಲ. ಫ್ಲೇರ್ ಎಂದರೆ ಲೆನ್ಸಿನ ಒಳಗೆ ಪುಟಿದು ಚಿತ್ರದ ಮೇಲೆ ಹರಡುವ ಬೇಡದ ಬೆಳಕು. ಚಿತ್ರದಲ್ಲಿ ಬೇಡದ್ದು ಏನೇ ಕಂಡರೂ ಅದಕ್ಕೆ ಫ್ಲೇರ್ ಎಂದುಬಿಡುವುದು ರೂಢಿಯಾಗಿದೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ, ಆದ್ದರಿಂದ ಇಷ್ಟು ಬರೆಯಬೇಕಾಯಿತು.

ಗೊಂದಲದ ಅರ್ಧ ಪಾಲು ಅನುವಾದದ್ದು. ಸೋಲಾರ್ ಫ್ಲೇರ್ ಕನ್ನಡದಲ್ಲಿ ‘ಸೌರಜ್ವಾಲೆ’ ಆಯಿತು, ಅಲ್ಲಿ ಅದು ಒಪ್ಪುತ್ತದೆ. ಅದೇ ಜಾಡಿನಲ್ಲಿ ಲೆನ್ಸ್ ಫ್ಲೇರ್‌ಗೆ ‘ಮಸೂರ ಜ್ವಾಲೆ’ ಎಂದು ಬರೆದದ್ದನ್ನೂ ಕಂಡಿದ್ದೇನೆ. ಮಸೂರದಲ್ಲಿ ಉರಿಯುವುದು ಏನೂ ಇಲ್ಲ. ಇಂಗ್ಲಿಷಿನಲ್ಲಿ ಈ ಪದ 16ನೆಯ ಶತಮಾನದಲ್ಲಿ ಬಳಕೆಗೆ ಬಂದಾಗ ಅದರ ಅರ್ಥ ಕೂದಲನ್ನು ಹರಡಿಬಿಡುವುದು ಎಂದಿತ್ತು. ಉರಿಯ ಅರ್ಥ ಕೂಡಿಕೊಂಡದ್ದು ಆಮೇಲೆ. ಫ್ರಾಕಿಗೆ ಫ್ಲೇರ್ ಜಾಸ್ತಿ ಕೊಡಿ ಎಂದು ದರ್ಜಿಗೆ ಹೇಳುವಾಗ ಉಳಿದಿರುವುದು ಆ ಹಳೆಯ ಅರ್ಥವೇ: ಎಲ್ಲೆ ಮೀರಿ ಹರಡಿಕೊಳ್ಳುವುದು. ಲೆನ್ಸಿನ ವಿಷಯದಲ್ಲಿ ನೆನಪಿಡಬೇಕಾದದ್ದೂ ಅದೇ. (ಮಸೂರ ಎಂಬ ಪದಕ್ಕೆ ಮಾತ್ರ ನನ್ನ ಪೂರ್ಣ ಒಪ್ಪಿಗೆಯಿದೆ. ಲ್ಯಾಟಿನ್‌ನಲ್ಲಿ ಲೆನ್ಸ್ ಎಂದರೆ ಚನ್ನಂಗಿ ಬೇಳೆ, ಸಂಸ್ಕೃತದಲ್ಲಿ ಮಸೂರ ಎಂದರೂ ಅದೇ ಬೇಳೆ. ಆಕಾರ ನೋಡಿ ಇಟ್ಟ ಹೆಸರು.)

ಹಾಗಾದರೆ ಹರಡುವುದು ಏನು? ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಅದು ಗೋಡೆಯಿಂದ ಗೋಡೆಗೆ ಪುಟಿದು ಮತ್ತೆ ಮತ್ತೆ ಕೇಳುತ್ತದೆ. ಲೆನ್ಸಿನ ಒಳಗೆ ಬೆಳಕಿಗೆ ಆಗುವುದೂ ಇಷ್ಟೇ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಎರಡು ಸಲ ಪುಟಿದು, ಕ್ಯಾಮೆರಾದೊಳಗೆ ಬಿಂಬ ಹಿಡಿಯುವ ಸೆನ್ಸರ್ ಮುಟ್ಟುವುದು ಶೇ. 0.16 ಮಾತ್ರ, ಆದರೆ ಸೂರ್ಯನ ಬೆಳಕಿನಲ್ಲಿ ಅಷ್ಟೂ ಕಣ್ಣಿಗೆ ರಾಚುತ್ತದೆ. 20 ಮೇಲ್ಮೈಗಳಿರುವ ಲೆನ್ಸಿನಲ್ಲಿ ಹೀಗೆ ಎರಡು ಸಲ ಪುಟಿಯಬಲ್ಲ ಜೋಡಿಗಳು 190. 1935ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಗ್ಗಿಸುವ ಲೇಪನವನ್ನು ರೂಪಿಸಿದರು. ಲೇಪನದಿಂದ ಫ್ಲೇರ್ ತಗ್ಗಿತು, ಇಲ್ಲವಾಗಲಿಲ್ಲ.

ದನಿ ಮರಳಿದರೆ ನಮ್ಮಲ್ಲಿ ಮಾರ್ದನಿ, ನುಡಿ ಮರಳಿದರೆ ಮಾರ್ನುಡಿ. ಬೆಳಕು ಮರಳಿದರೆ ‘ಮಾರ್ಬೆಳಕು’ ಎನ್ನಬಾರದೇಕೆ? ಜ್ವಾಲೆಗಿಂತ ಇದು ನಿಜಕ್ಕೆ ಹತ್ತಿರ.

ಅದು ಎರಡು ಬಗೆಯಲ್ಲಿ ಕಾಣಿಸುತ್ತದೆ. ಒಂದು, ಇಡೀ ಚಿತ್ರಕ್ಕೆ ತೆಳ್ಳನೆ ಹಾಲು ಬಳಿದಂತೆ ಕಪ್ಪೆಲ್ಲ ಬಿಳಿಚಿಕೊಳ್ಳುವುದು. ಇನ್ನೊಂದು, ಹಸಿರು ನೇರಳೆ ಬಿಲ್ಲೆಗಳ ಸರಪಳಿ. ಸೂರ್ಯನಿಂದ ಚಿತ್ರದ ನಟ್ಟನಡುವೆ ಹಾಯುವಂತೆ ಗೆರೆ ಎಳೆದರೆ ಬಿಲ್ಲೆಗಳು ಸಾಮಾನ್ಯವಾಗಿ ಆ ಗೆರೆಯ ಮೇಲೇ ಕುಳಿತಿರುತ್ತವೆ. ಕ್ಯಾಮೆರಾ ಸ್ವಲ್ಪ ತಿರುಗಿಸಿದರೆ ಜಾಗ ಬದಲಿಸುತ್ತವೆ. ಸೂರ್ಯ ಚೌಕಟ್ಟಿನ ಹೊರಗಿದ್ದರೆ ಅಂಗೈ ಅಡ್ಡ ಹಿಡಿದಾಗ ಮಾಯವಾಗುತ್ತವೆ. ಒಳಗಿದ್ದರೆ ಲೆನ್ಸಿನ ಮುಂದೆ ನೆರಳಿಗೆಂದು ಹಾಕುವ ಹುಡ್‌ನಿಂದಲೂ ಪ್ರಯೋಜನವಿಲ್ಲ; ಅವನನ್ನು ಕಂಬದ ಅಂಚಿಗೋ ಬಂಡೆಯ ಅಂಚಿಗೋ ಮರೆಮಾಡಿ.

ಇನ್ನು ಆ ಬೂದು ಚುಕ್ಕೆ. ಬಾದಾಮಿಯ ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಒಬ್ಬ ಹುಡುಗ ಅಂಗಿಯ ಚುಂಗಿನಿಂದ ಲೆನ್ಸನ್ನು ತಿಕ್ಕುತ್ತಿದ್ದ. “ಕಾಕಾ, ಎಷ್ಟು ಒರೆಸಿದರೂ ಫ್ಲೇರ್ ಹೋಗುತ್ತಿಲ್ಲ” ಎಂದ. ಲೆನ್ಸ್ ಮೇಲೆ ಆಗಲೇ ಕೂದಲೆಳೆಯಂಥ ಎರಡು ಗೀರು ಬಿದ್ದಿದ್ದವು. “ತಿಕ್ಕಬೇಡ ತಮ್ಮಾ, ಇಲ್ಲಿ ಕೊಡು” ಎಂದು ಕ್ಯಾಮೆರಾ ಇಸಿದುಕೊಂಡು, ಬೆಳಕಿನ ಕಿಂಡಿಯನ್ನು ತೀರ ಕಿರಿದು ಮಾಡಿ ಎಫ್/22ಕ್ಕೆ ಇಟ್ಟು, ಸೂರ್ಯನಿಗೆ ಬೆನ್ನು ಮಾಡಿ ಬರಿಯ ಆಕಾಶವನ್ನು ತೆಗೆದೆ. ಒಂದಲ್ಲ, ಏಳು ಚುಕ್ಕೆ! ಕಿಂಡಿಯನ್ನು ಅಗಲಿಸಿ ಎಫ್/4ರಲ್ಲಿ ತೆಗೆದಾಗ ಎಲ್ಲವೂ ಕರಗಿದವು. ಅದು ಸೆನ್ಸರ್ ಮೇಲಿನ ಗಾಜಿಗೆ ಕುಳಿತ ಧೂಳಿನ ನೆರಳು. ಲೆನ್ಸನ್ನು ಬಿಸಿಲಲ್ಲೇ, ಗಾಳಿಯಲ್ಲೇ ಬದಲಿಸಿದವರಿಗೆ ಬಾದಾಮಿಯ ಕೆಂಪು ಧೂಳು ತಪ್ಪಿದ್ದಲ್ಲ, ವಿಜಯಪುರದ ಎರೆಮಣ್ಣಿನ ಧೂಳೂ ಅಷ್ಟೇ. ಫ್ಲೇರ್ ಬೆಳಕಿನ ಜೊತೆ ಓಡಾಡುತ್ತದೆ. ಧೂಳಿನ ಚುಕ್ಕೆ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ. ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ, ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಬಿಂಬ ತಲೆಕೆಳಗಾಗಿ ಬೀಳುವುದರಿಂದ ಚಿತ್ರದ ಮೇಲ್ಭಾಗದ ಚುಕ್ಕೆಯ ಧೂಳು ಸೆನ್ಸರ್‌ನ ಕೆಳಭಾಗದಲ್ಲಿರುತ್ತದೆ.

ಗೋಕಾಕ ಜಲಪಾತದ ತೂಗುಸೇತುವೆಯಿಂದ ಮಳೆಗಾಲದಲ್ಲಿ ತೆಗೆದ ಚಿತ್ರಗಳ ಮಬ್ಬು ಗುಳ್ಳೆಗಳು ನೀರಹನಿಗಳು. ಲೆನ್ಸ್ ಬಟ್ಟೆಯಿಂದ ಮೆದುವಾಗಿ ಒರೆಸಬೇಕಾದದ್ದು ಅಲ್ಲಿ.

ರಾತ್ರಿ ದೀಪ ಹಾಕಿದ ಗೋಲಗುಮ್ಮಟದ ಚಿತ್ರದಲ್ಲಿ ದೀಪಗಳೆಲ್ಲ ಆಕಾಶದಲ್ಲಿ ತಲೆಕೆಳಗಾಗಿ ತೇಲುತ್ತಿದ್ದರೆ ಅದು ಮಾತ್ರ ನಿಜವಾದ ಫ್ಲೇರ್. ಸೆನ್ಸರ್‌ನಿಂದ ಪುಟಿದ ಬೆಳಕು, ರಕ್ಷಣೆಗೆಂದು ಲೆನ್ಸಿನ ಮುಂದೆ ಹಾಕಿದ ಚಪ್ಪಟೆ ಫಿಲ್ಟರಿಗೆ ತಾಗಿ ಮರಳಿದ್ದು. ಫಿಲ್ಟರ್ ಬಿಚ್ಚಿ ಇನ್ನೊಮ್ಮೆ ತೆಗೆಯಿರಿ.