ಎಇಒ ಇದ್ದರೆ ಕಂಟೇನರ್ ತೆರೆಯುವುದೇ ಇಲ್ಲವಂತೆ, ಹೌದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಪಂಪಿನ ಬಿಡಿಭಾಗ ರಫ್ತು ಮಾಡುತ್ತೇವೆ. ಎಇಒ (ನಂಬಬಹುದಾದ ವ್ಯಾಪಾರಿ ಎಂದು ಕಸ್ಟಮ್ಸ್ ಕೊಡುವ ಸರ್ಟಿಫಿಕೇಟ್) ಮಾಡಿಸಿಕೊಂಡರೆ ಕಸ್ಟಮ್ಸ್‌ನವರು ಕಂಟೇನರ್ ಮುಟ್ಟುವುದೇ ಇಲ್ಲವಂತೆ. ಮಾಡಿಸಬಹುದೇ?

ಮಾಡಿಸಬಹುದು. ಆದರೆ ಆ "ಇಲ್ಲವಂತೆ" ಇದೆಯಲ್ಲ, ಅದಕ್ಕೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಮುಟ್ಟುತ್ತಾರೆ ಸ್ವಾಮಿ. ಮೊದಲಿಗಿಂತ ಅಪರೂಪಕ್ಕೆ ಮುಟ್ಟುತ್ತಾರೆ, ಅಷ್ಟೇ.

ಯಾವ ಮಾಲನ್ನು ತೆರೆದು ನೋಡಬೇಕು ಎಂದು ಆರಿಸುವುದು ಕಸ್ಟಮ್ಸ್‌ನ ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಎಇಒ ಇದ್ದವರ ಸರದಿ ಕಡಿಮೆ ಬರುತ್ತದೆ, ಅದರ ಮೂರು ಹಂತಗಳಲ್ಲಿ ಟಿ1ಗಿಂತ ಟಿ2, ಟಿ3ಗೆ ಇನ್ನೂ ಕಡಿಮೆ. ಸೊನ್ನೆ ಅಂತ ಎಲ್ಲೂ ಬರೆದಿಲ್ಲ. ಖಚಿತ ಸುಳಿವು ಸಿಕ್ಕಿದರೆ ಯಾವ ಸರ್ಟಿಫಿಕೇಟೂ ಅಡ್ಡ ಬರುವುದಿಲ್ಲ. ಕಸ್ಟಮ್ಸ್ ಬಿಟ್ಟರೂ ಬೇರೆ ಇಲಾಖೆ ಬಿಡಬೇಕಲ್ಲ? ಮಂಗಳೂರಿಗೆ ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುವವರನ್ನು ಕೇಳಿ. ಪ್ಲಾಂಟ್ ಕ್ವಾರಂಟೈನ್‌ನವರು ಹುಳ ಹುಡುಕುವಾಗ ನಿಮ್ಮ ಎಇಒ ನೋಡುವುದಿಲ್ಲ.

ಈ ತಪ್ಪು ಕಲ್ಪನೆಯ ಬೇರು ಎಲ್ಲಿದೆ ಗೊತ್ತೇ? ಸರ್ಟಿಫಿಕೇಟ್ ಮಾಲಿಗೆ ಎಂದುಕೊಂಡಿದ್ದೇವೆ. ಅದು ಮಾಲಿಗಲ್ಲ, ನಿಮ್ಮ ಮನೆಯ ಕಟ್ಟುನಿಟ್ಟಿಗೆ. ಅವಳಿ ಗೋಪುರ ಉರುಳಿದ ಮೇಲೆ, 2001ರ ನವೆಂಬರಿನಲ್ಲಿ, ಅಮೆರಿಕದ ಕಸ್ಟಮ್ಸ್ ಏಳು ಆಮದುದಾರ ಕಂಪನಿಗಳೊಂದಿಗೆ ಸಿ-ಟಿಪಿಎಟಿ ಎಂಬ ಭದ್ರತಾ ಪಾಲುದಾರಿಕೆ ಶುರುಮಾಡಿತು. ನಿಮ್ಮ ಬಾಗಿಲು ನೀವು ಕಾಯಿರಿ, ನಾವು ಬೇರೆ ಕಡೆ ಕಣ್ಣಿಡುತ್ತೇವೆ ಎನ್ನುವುದು ಅದರ ಲೆಕ್ಕ. 2005ರಲ್ಲಿ ವಿಶ್ವ ಕಸ್ಟಮ್ಸ್ ಸಂಘಟನೆ ಎಇಒಗೆ ಮೂಲವಾದ ಸೇಫ್ ಎಂಬ ಚೌಕಟ್ಟು ಕೊಟ್ಟಿತು. ನಮ್ಮಲ್ಲಿ 2011ರಲ್ಲಿ ಪ್ರಯೋಗ ನಡೆದು, 2016ರಲ್ಲಿ ಈಗಿನ ಮೂರು ಹಂತ ಬಂತು. ಕಡ್ಡಾಯ ಯಾರಿಗೂ ಇಲ್ಲ.

ಸಣ್ಣವರು ಅಂತ ಹಿಂಜರಿಯಬೇಡಿ. ದೊಡ್ಡವರಿಗೆ ಹಿಂದಿನ ಹಣಕಾಸು ವರ್ಷದ 25 ಕಸ್ಟಮ್ಸ್ ದಾಖಲೆ ಬೇಕು. ಎಂಎಸ್‌ಎಂಇಗೆ 10 ಸಾಕು, ಆರಾರು ತಿಂಗಳಿಗೆ ಐದಾದರೂ ಇರಬೇಕು. ಅರ್ಜಿಗೆ ಶುಲ್ಕವಿಲ್ಲ. "ಸರ್ಟಿಫಿಕೇಟಿಗೆ ಇಷ್ಟಾಗುತ್ತೆ ಸಾರ್" ಅಂದರೆ ಅದು ಹೇಳಿದವರ ಕೂಲಿ.

ಟಿ1ಗೆ ಕಾಗದಪತ್ರ ಸಾಕು. ಟಿ2ಗೆ ಅಧಿಕಾರಿಗಳೇ ಕಾರ್ಖಾನೆಗೆ ಬರುತ್ತಾರೆ. ಹಾಗಾಗಿ ನೀವು ಕೇಳದ ಪ್ರಶ್ನೆಯನ್ನು ನಾನೇ ಕೇಳುತ್ತೇನೆ: ಖಾಲಿ ಕಂಟೇನರ್ ಬಂದಾಗ ಒಳಗೆ ಟೇಪು ಹಿಡಿಯುತ್ತೀರಾ? ಇಪ್ಪತ್ತು ಅಡಿಯ ಕಂಟೇನರಿನ ಒಳ ಉದ್ದ ಸುಮಾರು 5.9 ಮೀಟರ್. ನಿಮ್ಮ ಟೇಪು 5.5 ತೋರಿಸಿದರೆ ಎದುರಿನ ಗೋಡೆಯ ಹಿಂದೆ ಇನ್ನೊಂದು ಗೋಡೆ ಇದೆ ಅಂತ ಅರ್ಥ. ಹೊರಗಿನ ತಳ, ಬಾಗಿಲು, ಎಡ, ಬಲ, ಎದುರು, ಚಾವಣಿ, ನೆಲ, ಹೀಗೆ ಏಳೂ ಕಡೆ ತಟ್ಟಿ ನೋಡಬೇಕು.

ಕಂಟೇನರಿನ ಬಾಗಿಲಿಗೆ ಹಾಕುವ ಬೋಲ್ಟ್ ಸೀಲ್ ಎಲ್ಲಿಡುತ್ತೀರಿ? ಒಂದು ಕಾರ್ಖಾನೆಯಲ್ಲಿ ಕೇಳಿದೆ. ಗೇಟಿನ ರೂಮಿನಲ್ಲಿ, ಟೀ ಫ್ಲಾಸ್ಕಿನ ಪಕ್ಕದ ರಟ್ಟಿನ ಡಬ್ಬಿ ತೋರಿಸಿದರು. ಪ್ರತಿ ಸೀಲಿನ ಮೇಲೂ ಐಎಸ್‌ಒ 17712ರ ಪ್ರಕಾರ ಹೆಚ್ಚು ಭದ್ರತೆಯ ಸೀಲ್ ಎನ್ನುವ ಎಚ್ ಅಕ್ಷರವಿತ್ತು, ನಂಬರಿತ್ತು. ಡಬ್ಬಿಗೆ ಮುಚ್ಚಳ ಇರಲಿಲ್ಲ. ಯಾವ ನಂಬರು ಯಾವ ಕಂಟೇನರಿಗೆ ಹೋಯಿತು ಅಂತ ಬರೆಯುವ ರಿಜಿಸ್ಟರ್ ಕೇಳಿದೆ. "ಇದೆ ಸಾರ್" ಎಂದು ಧೂಳು ಕೊಡವಿ ತಂದುಕೊಟ್ಟರು. ಕೊನೆಯ ಎಂಟ್ರಿ ಆಯುಧಪೂಜೆಗಿಂತ ಮುಂಚಿನದು. ನಾನು ಹೋಗಿದ್ದು ಯುಗಾದಿಯ ಮಾರನೇ ವಾರ.