ಹೆಸರು ಸಿಗದ ಕಾಯಿಲೆ, ಊರೂರು ಅಲೆಯುವ ಫೈಲು

ಶಿರಸಿಯಿಂದ ಹುಬ್ಬಳ್ಳಿಗೋ ಹೊನ್ನಾವರದಿಂದ ಮಣಿಪಾಲಕ್ಕೋ ಹೋಗುವ ಬೆಳಗಿನ ಬಸ್ಸು ಹತ್ತಿದರೆ ಒಬ್ಬ ಆಯಿ, ಅಂದರೆ ತಾಯಿ, ಕಣ್ಣಿಗೆ ಬೀಳುತ್ತಾಳೆ. ಮಡಿಲಲ್ಲಿ ವರ್ಷ ತುಂಬಿದರೂ ಕತ್ತು ನಿಲ್ಲದ ಕೂಸು, ಕಾಲ ಬಳಿ ಬಟ್ಟೆ ಅಂಗಡಿಯ ಚೀಲ. ಚೀಲದೊಳಗೆ ಎಂಆರ್‌ಐ ಫಿಲ್ಮು, ಇಇಜಿ, ಮೂರು ಊರಿನ ಲ್ಯಾಬುಗಳ ರಿಪೋರ್ಟು. "ಮಾಣಿಗೆ ಎಂತ ಆಯ್ದು?" ಎಂದು ಪಕ್ಕದವರು ಕೇಳುತ್ತಾರೆ. ಅದೊಂದೇ ಅವಳಿಗೂ ಗೊತ್ತಿಲ್ಲ, ಚೀಟಿ ಬರೆದ ಡಾಕ್ಟರಿಗೂ ಗೊತ್ತಿಲ್ಲ.

ಮಕ್ಕಳ ಕಾಯಿಲೆಗೆ ಹೆಸರಿಡುವ ಪ್ರಯತ್ನ ಬಹಳ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರ ಒಂಬತ್ತು ಬಾಲಗ್ರಹಗಳನ್ನು, ಅಂದರೆ ಮಕ್ಕಳನ್ನು ಹಿಡಿಯುವ ದುಷ್ಟಶಕ್ತಿಗಳನ್ನು, ಹೇಳುತ್ತದೆ: ಸ್ಕಂದ, ಶಕುನಿ, ರೇವತಿ, ಪೂತನಾ ಮುಂತಾದವು. ಕಾರಣವನ್ನು ಗ್ರಹಗಳ ತಲೆಗೆ ಕಟ್ಟಿದರೂ ಲಕ್ಷಣಗಳನ್ನು ನೋಡಿದ ಕಣ್ಣು ಚುರುಕಿನದು. ಶಕುನಿ ಹಿಡಿದ ಮಗುವಿನ ಮೈಗೆ ಹಕ್ಕಿಯ ವಾಸನೆ, ಪೂತನಾ ಹಿಡಿದರೆ ಕಾಗೆಯ ವಾಸನೆ ಎನ್ನುತ್ತದೆ ಅದು. ಅಷ್ಟು ಹತ್ತಿರದಿಂದ ಮಗುವನ್ನು ಮೂಸಿದವರು ಯಾರು? ವೈದ್ಯರಿಗಿಂತ ಮೊದಲು ತಾಯಂದಿರೇ ಇರಬೇಕು ಎಂಬುದು ನನ್ನ ಗುಮಾನಿ.

ಗುಮಾನಿಗೆ ಆಧಾರ ನಾರ್ವೆಯಲ್ಲಿದೆ. ಅಲ್ಲಿನ ಬೋರ್ಗ್‌ನಿ ಎಗೆಲಾಂಡ್ ಎಂಬಾಕೆಯ ಮಗಳಿಗೂ ಮಗನಿಗೂ ಬುದ್ಧಿ ಬೆಳೆಯಲಿಲ್ಲ. ಮಕ್ಕಳ ಮೈಯಿಂದ ವಿಚಿತ್ರ ವಾಸನೆ ಬರುತ್ತದೆ ಎಂದು ಆಕೆ ವೈದ್ಯರಿಂದ ವೈದ್ಯರಿಗೆ ಹೇಳುತ್ತ ಅಲೆದಳು. 1934ರಲ್ಲಿ ಓಸ್ಲೋದ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಆ ಮಾತನ್ನು ಕಡೆಗಣಿಸದೆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕ ಹಾಕಿದರು. ಅದು ಹಸಿರಾಯಿತು. ಔಷಧಿಯಿಂದ ಹಾಗಾಗಿರಬಹುದೆಂದು ಕೊಡುತ್ತಿದ್ದುದನ್ನೆಲ್ಲ ನಿಲ್ಲಿಸಿ ನೋಡಿದರು, ಆಗಲೂ ಹಸಿರೇ. ಆ ಕಾಯಿಲೆ ಇಂದು ಫೀನೈಲ್‌ಕೀಟೋನ್ಯೂರಿಯ. ಆಹಾರದ ಪ್ರೋಟೀನಿನ ಒಂದು ಅಂಶವನ್ನು ಮೈ ಅರಗಿಸಿಕೊಳ್ಳದೆ ಮಿದುಳು ಕೆಡುವ ಈ ಕಾಯಿಲೆಗೆ ಪಥ್ಯದ ಆಹಾರ ಬಂದದ್ದು 1950ರ ದಶಕದಲ್ಲಿ. ಕಂಡುಹಿಡಿಸಿದ ತಾಯಿಯ ಮಕ್ಕಳಿಗೆ ಅದು ಉಪಯೋಗಕ್ಕೆ ಬರಲಿಲ್ಲ.

1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಹಸುಗೂಸಿನ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಇದನ್ನು ಪತ್ತೆ ಮಾಡುವ ದಾರಿ ತೋರಿದರು. ಕಾರವಾರದಿಂದ ಮಾಜಾಳಿ ದಾಟಿದರೆ ಸಿಗುವ ಗೋವಾ 2008ರಲ್ಲೇ ನವಜಾತ ಶಿಶುಗಳಿಗೆ ಇಂಥ ತಪಾಸಣೆ ಶುರು ಮಾಡಿತ್ತು. ಗಡಿಯ ಈಚೆಗೆ ನಾವು 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ನಂಬಿದ್ದೇವೆ: ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಆ ತಂಡ ಹುಡುಕುವುದು ಪಟ್ಟಿಯಲ್ಲಿರುವ ಸುಮಾರು 30 ತೊಂದರೆಗಳನ್ನು.

2003ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿದ ಮೇಲೆ, ಜೀನುಗಳಲ್ಲಿ ಪ್ರೋಟೀನ್ ತಯಾರಿಸುವ ಭಾಗಗಳನ್ನು ಓದಿ ದೋಷ ಹುಡುಕುವ ಎಕ್ಸೋಮ್ ಪರೀಕ್ಷೆ ಬಂತು. ಅದನ್ನು ಮಾಡಿಸಿದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಉತ್ತರ ಸಿಗುವುದಿಲ್ಲ. ಇತ್ತ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಗುರುತಿಸಿದ ಆಸ್ಪತ್ರೆಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ನಮ್ಮವರಿಗೆ ಆ ಕೇಂದ್ರ ಬೆಂಗಳೂರಿನಲ್ಲಿ. ಆದರೆ ಚಿಕಿತ್ಸೆಯ ಹಣ ಬೇಕಾದರೆ ಮೊದಲು ಕಾಯಿಲೆಗೊಂದು ಹೆಸರು ಬೇಕು, ಅದೂ ಅವರ ಪಟ್ಟಿಯಲ್ಲಿರುವ ಹೆಸರು!

ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಂಕಟ ಇನ್ನೊಂದು ಥರದ್ದು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದರೂ ದೊಡ್ಡ ಕಾಯಿಲೆಗೆ ದಾರಿ ಹಿಡಿಯುವುದು ಹುಬ್ಬಳ್ಳಿ, ಮಣಿಪಾಲ, ಗೋವಾ. 2018ರಿಂದ ಗೋವಾ ಹೊರಗಿನವರಿಗೆ ಶುಲ್ಕ ಹಾಕಿತು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಸುಸಜ್ಜಿತ ಆಸ್ಪತ್ರೆಯ ಕೂಗು ಇಡೀ ಜಿಲ್ಲೆಯಲ್ಲಿ ಎದ್ದಿತು. ತುರ್ತು ಕಾಯಿಲೆಗೆ ಅಂಥ ಕೂಗಾದರೂ ಇದೆ. ವರ್ಷಗಟ್ಟಲೆ ಅಲೆಸುವ ಕಾಯಿಲೆ ಸುದ್ದಿಯಾಗುವುದಿಲ್ಲ, ಸುಮ್ಮನೆ ಅಡಿಕೆ ಮಾರಿದ ದುಡ್ಡು ಕರಗುತ್ತದೆ. ಮನೆಯಲ್ಲಿ ಇಡಗುಂಜಿಗೆ ಹರಕೆ, ಯಂತ್ರ, ಜೊತೆಗೆ "ಬಸುರಿಯಲ್ಲಿ ಎಂತ ತಿಂದಿದ್ದೆ" ಎಂಬ ಪ್ರಶ್ನೆ. ಹರಕೆಯ ಬಗ್ಗೆ ನನಗೆ ತಕರಾರಿಲ್ಲ, ಆ ಪ್ರಶ್ನೆಯ ಬಗ್ಗೆ ಇದೆ.

ಕಾಯಿಲೆಗೆ ಹೆಸರಿಲ್ಲದಿದ್ದರೂ ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಅಲ್ಲಿ ಅಳೆಯುವುದು ಮಗುವಿಗೆ ಏನು ಮಾಡಲು ಆಗುತ್ತದೆ, ಏನು ಮಾಡಲು ಆಗುವುದಿಲ್ಲ ಎಂಬುದನ್ನು. ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ನರರೋಗ ತಜ್ಞರಿಗೆ ಎಷ್ಟೋ ಸಲ ಮಾತಿಗಿಂತ ಹೆಚ್ಚು ಹೇಳುತ್ತದೆ. ಎಕ್ಸೋಮ್ ಮಾಡಿಸಿದವರು ಕಾಗದದ ವರದಿಯ ಜೊತೆ ಕಚ್ಚಾ ದತ್ತಾಂಶವನ್ನೂ ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಬೇಕು. ಹೊಸ ಜೀನುಗಳು ಪತ್ತೆಯಾಗುತ್ತಲೇ ಇರುವುದರಿಂದ ಎರಡು ವರ್ಷ ಬಿಟ್ಟು ಅದನ್ನೇ ಮತ್ತೆ ಪರಿಶೀಲಿಸಿದಾಗ ಕೆಲವು ಮಕ್ಕಳಿಗೆ ಹೆಸರು ಸಿಕ್ಕಿದೆ, ಹೊಸದಾಗಿ ರಕ್ತ ಕೊಡದೆಯೇ.